ಮನೆಗೆ ಬೀಗ ಹಾಕಿತ್ತು

ನನ್ನ ಅಕ್ಷರ ಚೆನ್ನಾಗಿದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಪಡುವ ಕಾಲ ಮುಗಿಯಿತು. ನಮ್ಮ ತಾತ ಅರಮನೆಯ ದಫ್ತರಿನಲ್ಲಿ ಗುಮಾಸ್ತರಾಗಿದ್ದವರು. ಜಯಲಕ್ಷ್ಮಿಪುರಂನ ಮನೆಯ ಹಜಾರದಲ್ಲಿ ಮೊಮ್ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ದಿನಕ್ಕೊಂದು ಪುಟ ಕಾಪಿ ಬರೆಸುತ್ತಿದ್ದರು. ಒತ್ತಕ್ಷರ ಗೆರೆ ದಾಟಿದರೆ ಬೆರಳ ಗಂಟಿನ ಮೇಲೆ ರೂಲುದೊಣ್ಣೆ ಬೀಳುತ್ತಿತ್ತು. ಏನು ಬರೆದೆ ಎಂದು ಅವರು ಕೇಳಿದ್ದು ನನಗೆ ನೆನಪಿಲ್ಲ. ಹೇಗೆ ಬರೆದೆ ಎಂದಷ್ಟೇ ನೋಡುತ್ತಿದ್ದರು. ಸರ್ಕಾರಿ ಕೆಲಸಕ್ಕೆ ಸೇರಿ ಮೂವತ್ತು ವರ್ಷವಾದರೂ ಕಚೇರಿಯಲ್ಲಿ ನನ್ನನ್ನು ಎಲ್ಲರೂ ಗುರುತಿಸುವುದು ಆ ಕೈಬರಹದಿಂದಲೇ. ಮೇಡಂ ಟಿಪ್ಪಣಿ ಬರೆದರೆ ಲಗ್ನಪತ್ರಿಕೆ ಓದಿದ ಹಾಗಿರುತ್ತೆ ಎಂದು ಹಿಂದಿನ ಅಧಿಕಾರಿಯೊಬ್ಬರು ಹೇಳಿದ್ದನ್ನು ನಾನು ಮನೆಯಲ್ಲಿ ನಾಲ್ಕು ಸಲವಾದರೂ ಹೇಳಿಕೊಂಡಿರಬೇಕು.

ಆ ಅಕ್ಷರ ಒಬ್ಬ ಮನುಷ್ಯನ ಪ್ರಾಣಕ್ಕೆ ಬಂದಿತ್ತು. ಅದನ್ನು ಹೇಳಬೇಕೆಂದು ಕೂತಿದ್ದೇನೆ.

ನಮ್ಮ ಕಚೇರಿಯ ಕೆಲಸ ಪಡಿತರ ಚೀಟಿಗಳದ್ದು. ಬಡವರ ಚೀಟಿ ಎಂದರೆ ಬರೀ ಅಕ್ಕಿಯಲ್ಲ. ಸರ್ಕಾರಿ ಆಸ್ಪತ್ರೆಯ ಉಚಿತ ಚಿಕಿತ್ಸೆಯೂ ಅದರ ಮೇಲೆಯೇ ನಿಂತಿದೆ. ಎರಡು ವರ್ಷದ ಹಿಂದೆ, ಸುಳ್ಳು ಚೀಟಿಗಳನ್ನು ಹುಡುಕಿ ತೆಗೆಯಲು ಕೃತಕ ಬುದ್ಧಿಮತ್ತೆಯ ಒಂದು ವ್ಯವಸ್ಥೆ ಬಂತು. ಹೆಬ್ಬಾಳದ ಕಡೆಯ ಒಂದು ಕಂಪನಿ ಅದನ್ನು ಮಾಡಿಕೊಟ್ಟಿತ್ತು. ನಮ್ಮ ಅಟ್ಟದ ಮೇಲೆ ಇಲಿಗಳಿಗೆ ಬಿಟ್ಟಿದ್ದ ಹಳೆಯ ಕಡತಗಳನ್ನೆಲ್ಲ ಚೀಲಗಳಲ್ಲಿ ತುಂಬಿಕೊಂಡು ಹೋಗಿ ಸ್ಕ್ಯಾನ್ ಮಾಡಿದರು. ಆ ವ್ಯವಸ್ಥೆ ಎಲ್ಲವನ್ನೂ ಓದಿ ಪ್ರತಿ ಚೀಟಿಗೂ ಒಂದು ಬಣ್ಣ ಕೊಡುತ್ತಿತ್ತು. ಹಸಿರೆಂದರೆ ಸರಿ. ಕೆಂಪೆಂದರೆ ಈ ಕುಟುಂಬ ಆ ವಿಳಾಸದಲ್ಲಿ ಇಲ್ಲವೇ ಇಲ್ಲ ಎಂಬ ಅನುಮಾನ. ದೇವರ ಮುಂದೆ ಹೂವಿನ ಪ್ರಸಾದ ಕೇಳುವ ಹಾಗೆ ನಮ್ಮ ಜವಾನ ನನ್ನ ಮೇಜಿನ ಹತ್ತಿರ ಬಂದು, ಬಲಗಡೆ ಆಯ್ತೋ ಎಡಗಡೆ ಆಯ್ತೋ ಎಂದು ಕೇಳಿ ನಗಿಸುತ್ತಿದ್ದ.

ಸರ್ಕಾರದ ಆದೇಶದಲ್ಲಿ ಒಂದು ಒಳ್ಳೆಯ ಮಾತಿತ್ತು. ಕೆಂಪು ಬಂದ ಮಾತ್ರಕ್ಕೆ ಯಾರ ಚೀಟಿಯನ್ನೂ ತಡೆಯುವಂತಿಲ್ಲ. ಜವಾಬ್ದಾರಿಯುಳ್ಳ ಸಿಬ್ಬಂದಿ ಖುದ್ದಾಗಿ ಪರಿಶೀಲಿಸಬೇಕು, ಚೀಟಿದಾರರಿಗೆ ಕಾರಣ ತಿಳಿಸಬೇಕು. ಆ ಜವಾಬ್ದಾರಿಯುಳ್ಳ ಸಿಬ್ಬಂದಿ ನಾನೇ. ತೆರೆಯ ಕೆಳಗೆ ‘ಖುದ್ದು ಪರಿಶೀಲಿಸಿದ್ದೇನೆ’ ಎಂಬ ಗುಂಡಿ ಇತ್ತು. ಮೊದಲ ವಾರ ಓದಿ ಒತ್ತಿದೆ. ಎರಡನೆಯ ವಾರ ಮೇಲೆ ಮೇಲೆ ನೋಡಿ ಒತ್ತಿದೆ. ಆಮೇಲೆ, ಊಟ ಮುಗಿಸಿ ಬಂದು, ಒಂದು ಕೈಯಲ್ಲಿ ಚುರುಮುರಿ ಪೊಟ್ಟಣ, ಇನ್ನೊಂದು ಕೈಯಲ್ಲಿ ಮೌಸು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಜೀವಮಾನವೆಲ್ಲ ಗೇಲಿ ಮಾಡಿದವಳು ನಾನು. ಕಂಪ್ಯೂಟರು ಎತ್ತು ಈಯಿತು ಅಂದಿತು, ನಾನು ದಿನಕ್ಕೆ ನಲವತ್ತು ಕರು ಕಟ್ಟಿದೆ.

ಹೋದ ಬೇಸಿಗೆಯ ಒಂದು ಶುಕ್ರವಾರ ಬೆಳಗ್ಗೆ ರಾಜೀವನಗರದಿಂದ ಒಬ್ಬಾಕೆ ಬಂದಳು. ನಲವತ್ತು ನಲವತ್ತೈದು ವಯಸ್ಸಿರಬೇಕು. ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುವ ಕೆಲಸ; ಬೆರಳುಗಳು ಇದ್ದಿಲಪುಡಿಯಿಂದ ಬುಡದವರೆಗೆ ಕಪ್ಪಾಗಿದ್ದವು. ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದಳು. ಗಂಡ ಮೊದಲು ಆಟೋ ಓಡಿಸುತ್ತಿದ್ದವನು, ಈಗ ಎರಡೂ ಕಿಡ್ನಿ ಹೋಗಿವೆ. ಸೋಮವಾರ ಮತ್ತು ಗುರುವಾರ ಆಸ್ಪತ್ರೆಯಲ್ಲಿ ಡಯಾಲಿಸಿಸ್. ನಿನ್ನೆ ಹೋದರೆ ಚೀಟಿ ಚಾಲ್ತಿಯಲ್ಲಿಲ್ಲ ಎಂದರಂತೆ. ಡಾಕ್ಟರು ಮರುಕಪಟ್ಟು ಅದೊಂದು ಸಲಕ್ಕೆ ಮಾಡಿಸಿ, ಸೋಮವಾರ ಬೆಳಗ್ಗೆ ಏಳರೊಳಗೆ ಚೀಟಿ ಸರಿಮಾಡಿಸಿಕೊಂಡು ಬನ್ನಿ, ಇಲ್ಲದಿದ್ದರೆ ಯಂತ್ರದ ಸರದಿ ಬೇರೆಯವರಿಗೆ ಹೋಗುತ್ತದೆ ಎಂದು ಹೇಳಿ ಕಳಿಸಿದ್ದಾರೆ. ಒಂದು ಸರದಿ ತಪ್ಪಿದರೆ ಏನಾಗುತ್ತದೆ ಎಂದು ಕೇಳಿದೆ. ಹೋದ ವರ್ಷ ಒಮ್ಮೆ ತಪ್ಪಿತ್ತಂತೆ. ಎದೆಗೆ ನೀರು ತುಂಬಿ, ಮಲಗಲೂ ಆಗದೆ ಗೋಡೆಗೊರಗಿ ಕೂತೇ ಇದ್ದನಂತೆ. ಇನ್ನೊಂದು ಸಲ ಹಾಗಾದರೆ ಉಳಿಸಿಕೊಳ್ಳಲಾಗದು ಎಂದು ಆಗಲೇ ಹೇಳಿದ್ದಾರಂತೆ.

ಚೀಟಿಯ ಸಂಖ್ಯೆ ಒತ್ತಿದೆ. ಕೆಂಪು. ಕೆಳಗೆ ‘ಖುದ್ದು ಪರಿಶೀಲಿಸಲಾಗಿದೆ’ ಎಂದು ನನ್ನ ಹೆಸರು. ಹದಿನೆಂಟು ದಿನದ ಹಿಂದಿನದು; ಒತ್ತಿದ ಹದಿನೈದು ದಿನಕ್ಕೆ ತಡೆ ಜಾರಿಗೆ ಬರುತ್ತದೆ. ನನಗೆ ಆ ಸಂಖ್ಯೆಯಾಗಲಿ, ಆ ಮಧ್ಯಾಹ್ನವಾಗಲಿ ಒಂದಿಷ್ಟೂ ನೆನಪಿರಲಿಲ್ಲ.

ತಪ್ಪು ನನ್ನ ಕಡೆಗಿದ್ದಾಗ ನನಗೆ ಸಿಟ್ಟು ಮೊದಲು ಬರುತ್ತದೆ. ಇದು ನಮ್ಮ ಮನೆತನದ ಇನ್ನೊಂದು ಆಸ್ತಿ. ನೀವು ಆ ಮನೆಯಲ್ಲಿ ಇಲ್ಲ ಎಂದು ಸಿಸ್ಟಮ್ಮಿನಲ್ಲಿ ಬಂದಿದೆ, ಮೇಲ್ಮನವಿ ಹಾಕಿ, ಮೂವತ್ತು ದಿನ ಆಗುತ್ತೆ ಎಂದು ಗದರಿದಂತೆಯೇ ಹೇಳಿದೆ.

ಆಕೆ ದನಿ ಏರಿಸಲಿಲ್ಲ. “ನಾವ್ ಎಲ್ಲೂ ಓಗಿಲ್ಲ ಕಣಮ್ಮ. ಹದ್ನಾರ್ ವರ್ಸದಿಂದ ಅಲ್ಲೇ ಇದೀವಿ. ಯಾಕಂಗಂತದೆ ಅಂತ ಅದ್ನೇ ಒಂದ್ ಮಾತು ಕೇಳಿ.”

ಅದನ್ನೇ ಒಂದು ಮಾತು ಕೇಳಿ. ಎರಡು ವರ್ಷದಲ್ಲಿ ನಮ್ಮ ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ. ಕೆಂಪು ಬಂತು ಎಂದರೆ ಕೆಂಪು. ಕಾರಣ ಚೀಟಿದಾರರಿಗೆ ತಿಳಿಸಬೇಕು ಎಂದು ಆದೇಶ ಹೇಳಿದ್ದರೂ, ಕಾರಣ ಏನೆಂದು ತಿಳಿಸುವವರಿಗೇ ಗೊತ್ತಿರಲಿಲ್ಲ. ಆಕೆಯನ್ನು ಬೆಂಚಿನ ಮೇಲೆ ಕೂರಲು ಹೇಳಿ ಕಂಪನಿಗೆ ಫೋನ್ ಮಾಡಿದೆ.

ಮಧ್ಯಾಹ್ನ ಮೂರಕ್ಕೆ ಕಂಪನಿಯ ಇಂಜಿನಿಯರ್ ಹುಡುಗಿ ಬಂದಳು. ತೆರೆಯ ಒಂದು ಮೂಲೆಯಲ್ಲಿ ನಾನು ಎಂದೂ ಮುಟ್ಟದ ಸಣ್ಣ ಬಾಣದ ಗುರುತನ್ನು ಒತ್ತಿದಳು. ಕಾರಣಗಳ ಪುಟ ಅದರ ಹಿಂದೆಯೇ ಇತ್ತಂತೆ. ತರಬೇತಿಯ ದಿನವೇ ತೋರಿಸಿದ್ದರಂತೆ. ಆ ದಿನ ನಾವೆಲ್ಲ ಊಟಕ್ಕೆ ಹೋಳಿಗೆ ಇದೆಯೋ ಇಲ್ಲವೋ ಎಂಬ ಚರ್ಚೆಯಲ್ಲಿದ್ದೆವು. ಪುಟ ತೆರೆದುಕೊಂಡಿತು. ಹಳೆಯ ಕಾಗದದ ಮೂರು ಚಿತ್ರಗಳು. ಮೂರು ಬೇಸಿಗೆಗಳಲ್ಲಿ ಮನೆ ಮನೆ ತನಿಖೆಗೆ ಹೋದವರು ಬರೆದ ವರದಿಗಳು.

‘ಮನೆಗೆ ಬೀಗ ಹಾಕಿತ್ತು. ನೆರೆಹೊರೆಯವರಿಗೂ ಮಾಹಿತಿ ಇಲ್ಲ.’

ಮೂರರಲ್ಲೂ ಅದೇ ಮಾತು. ಮೂರರಲ್ಲೂ ಅದೇ ಕೈ. ಒತ್ತಕ್ಷರಗಳು ಗೆರೆ ದಾಟದೆ ಸಾಲಾಗಿ ಕೂತಿದ್ದವು.

ಹುಡುಗಿ ಏನೂ ತಿಳಿಯದೆ ಮೆಚ್ಚಿಕೊಂಡಳು. ನಮ್ಮ ಕಚೇರಿಯ ಹಳೆಯ ವರದಿಗಳಲ್ಲಿ ಮುಕ್ಕಾಲು ಪಾಲು ಯಂತ್ರಕ್ಕೆ ಓದಲು ಆಗಲೇ ಇಲ್ಲವಂತೆ. ಕಾಗೆ ಕಾಲು ಗುಬ್ಬಿ ಕಾಲು ಅಕ್ಷರಗಳನ್ನೆಲ್ಲ ಅಸ್ಪಷ್ಟ ಎಂದು ಪಕ್ಕಕ್ಕೆ ಇಟ್ಟಿತಂತೆ. ಈ ಒಂದು ಕೈಬರಹವನ್ನು ಮಾತ್ರ ಒಂದಕ್ಷರ ಬಿಡದೆ ಓದಿದೆ. ಹಾಗಾಗಿ ಈ ಭಾಗದ ಮನೆಗಳ ಬಗ್ಗೆ ಅದಕ್ಕೆ ಗೊತ್ತಿರುವುದೆಲ್ಲ ಹೆಚ್ಚುಕಡಿಮೆ ಈ ಒಬ್ಬರು ಹೇಳಿದ್ದೇ.

“ಪ್ರಿಂಟ್ ಮಾಡಿದ ಹಾಗಿದೆ ಅಲ್ವಾ ಮೇಡಂ? ಯಾರು ಬರೆದಿದ್ದು ಇದು?” ಎಂದು ಕೇಳಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ನಾನು ಬಲಗೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡೆ. ಹಳೆಯ ಸಿಬ್ಬಂದಿ ಯಾರೋ ಇರಬೇಕು ಎಂದೆ. ಬೆಂಚಿನ ಮೇಲೆ ಆಕೆ ಕವರನ್ನು ಮಡಿಲಲ್ಲಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದಳು. ಮನೆಗೆ ಬೀಗ ಇತ್ತು ಎಂದು ಯಾರೋ ಬರೆದಿದ್ದಾರೆ, ನಾಳೆ ನಾನೇ ಬಂದು ನೋಡುತ್ತೇನೆ ಎಂದು ಹೇಳಿ ಆಕೆಯನ್ನು ಕಳಿಸಿದೆ.

ಆ ಬೇಸಿಗೆಗಳು ಈಗ ಹತ್ತು ಹನ್ನೆರಡು ವರ್ಷ ಹಿಂದಿನವು. ನಾನಾಗ ತನಿಖೆಯ ಗುಂಪಿನಲ್ಲಿದ್ದೆ. ಪಟ್ಟಿ ಹಿಡಿದು ಒಂದೊಂದು ಓಣಿಗೆ ಹೋಗಿ, ಚೀಟಿಯಲ್ಲಿರುವವರು ಮನೆಯಲ್ಲಿದ್ದಾರೋ ಇಲ್ಲವೋ ನೋಡಿ ಬರೆಯಬೇಕು. ಮೊದಲೆರಡು ದಿನ ಹೋಗುತ್ತಿದ್ದೆವು. ಮೂರನೆಯ ದಿನದಿಂದ ಬಿಸಿಲು. ಕಚೇರಿಯ ಹಿಂದಿನ ಹೋಟೆಲಿನಲ್ಲಿ ಫ್ಯಾನಿನ ಕೆಳಗೆ ಕೂತು ಕಾಫಿ ಕುಡಿಯುತ್ತಾ ಉಳಿದ ಮನೆಗಳನ್ನು ಮುಗಿಸುತ್ತಿದ್ದೆವು. ಇದ್ದಾರೆ ಎಂದು ಬರೆದರೆ ಅವರ ಸಹಿ ಬೇಕು. ಇಲ್ಲ ಎಂದು ಬರೆದರೆ ಮೇಲಿನವರು ಪ್ರಶ್ನೆ ಕೇಳುತ್ತಾರೆ. ಬೀಗ ಎಂದರೆ ಯಾರ ತಂಟೆಯೂ ಇಲ್ಲ. ಎಲ್ಲರೂ ಬೀಗ ಎಂದೇ ಬರೆಯುತ್ತಿದ್ದರು. ಅದು ಕಚೇರಿಯ ಸಂಪ್ರದಾಯ. ಉಳಿದವರು ಬರೀ ‘ಬೀಗ’ ಎಂದು ಗೀಚಿದರೆ, ನಾನು ಮಾತ್ರ ನೆರೆಹೊರೆಯವರನ್ನೂ ಸೇರಿಸಿ ಪೂರ್ಣ ವಾಕ್ಯ ಬರೆಯುತ್ತಿದ್ದೆ. ಸುಳ್ಳನ್ನಾದರೂ ಅಚ್ಚುಕಟ್ಟಾಗಿ ಬರೆಯಬೇಕಲ್ಲ.

ಆಗ ಅದರಿಂದ ಯಾರಿಗೂ ಏನೂ ಆಗಲಿಲ್ಲ, ಏಕೆಂದರೆ ಅದನ್ನು ಯಾರೂ ಓದಲಿಲ್ಲ. ವರದಿ ಕಡತ ಸೇರುತ್ತಿತ್ತು, ಕಡತ ಅಟ್ಟ ಸೇರುತ್ತಿತ್ತು. ನಾವು ಬರೆದದ್ದನ್ನು ನಿಜವೆಂದು ನಂಬಿ ಪ್ರತಿ ಸಾಲನ್ನೂ ಓದಿದ ಮೊಟ್ಟಮೊದಲ ಓದುಗ ಆ ಯಂತ್ರ. ಅದಕ್ಕೆ ನಮ್ಮ ಸಂಪ್ರದಾಯ ಗೊತ್ತಿರಲಿಲ್ಲ. ಮೂರು ಬೇಸಿಗೆಯಲ್ಲಿ ಮೂರು ಸಲ ಬೀಗ ಎಂದರೆ ಮನೆಯಲ್ಲಿ ಯಾರೂ ಇಲ್ಲ ಎಂದುಕೊಂಡಿತು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಶನಿವಾರ ಕಚೇರಿ ಇತ್ತು. ಬೆಳಗ್ಗೆ ಮೊದಲು ರಾಜೀವನಗರಕ್ಕೆ ಹೋದೆ. ಹೊಸ ತನಿಖಾ ವರದಿ, ಮನೆಯ ಮುಂದೆ ನಿಂತ ಫೋಟೋ ಇಲ್ಲದೆ ಚೀಟಿ ಮತ್ತೆ ತೆರೆಯುವುದಿಲ್ಲ ಎಂದು ಹುಡುಗಿ ಹೇಳಿದ್ದಳು. ಮಸೀದಿಯ ಹಿಂದಿನ ಓಣಿ, ಎರಡು ಮಹಡಿ ಮನೆಗಳ ನಡುವೆ ಒಂದು ಗೋಡೆಗೆ ಆತುಕೊಂಡ ಒಂದೇ ಕೋಣೆ. ಬಾಗಿಲ ಮುಂದೆ ಗೋಣಿತಾಟಿನ ಮೇಲೆ ಊದುಬತ್ತಿ ಹರಡಿತ್ತು. ಅಂಥ ಘಾಟಿನಲ್ಲೂ ಆಕೆಯ ಗಂಡ ಬಾಗಿಲಲ್ಲೇ ಕೂತಿದ್ದ. ಗಾಳಿ ಬೇಕಂತೆ. ಕಾಲುಗಳು ಊದಿ ಹೊಳೆಯುತ್ತಿದ್ದವು. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದ. ಬೇಡ ಎಂದು ಕೈ ಮಾಡಿದೆ.

ಫೋಟೋಗೆಂದು ಫೋನ್ ಎತ್ತಿದಾಗ ಬಾಗಿಲು ನೋಡಿದೆ. ಬಾಗಿಲೇ ಇರಲಿಲ್ಲ. ಚೌಕಟ್ಟಿಗೆ ಒಂದು ಹಳೆಯ ಸೀರೆಯ ಪರದೆ. ಒಳಗೆ ಗೋಡೆಗೆ ಒರಗಿಸಿದ ಒಂದು ತಗಡಿನ ಹಲಗೆ. ರಾತ್ರಿ ಅದನ್ನು ಅಡ್ಡ ಇಟ್ಟು ಕಲ್ಲು ಒರಗಿಸುತ್ತಾರಂತೆ. ಚಿಲಕವಿಲ್ಲ, ಕೊಂಡಿಯಿಲ್ಲ. ಬೀಗ ಹಾಕಬೇಕೆಂದರೂ ಜಾಗವಿಲ್ಲ. ಹದಿನಾರು ವರ್ಷದಿಂದ ಹೀಗೆಯೇ ಇದೆಯೇ ಎಂದು ಕೇಳಿದೆ. ಕಳ್ಳ ಬಂದರೂ ಊದುಬತ್ತಿ ತಾನೇ ಒಯ್ಯೋದು ಎಂದು ಆಕೆ ನಕ್ಕಳು.

ಗಂಡನ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ ಇತ್ತು. ಅದರ ಮೇಲೆ ಅರ್ಧಕ್ಕಿಂತ ಕೆಳಗೆ ಇದ್ದಿಲಿನ ಬೆರಳಿನಿಂದ ಎಳೆದ ಕಪ್ಪು ಗೆರೆ. ತುಂಬಿದ ಬಾಟಲಿಯಿಂದ ದಿನಕ್ಕೆ ಆ ಗೆರೆ ಬರುವವರೆಗೆ ಮಾತ್ರ ನೀರು ಕುಡಿಯಬಹುದಂತೆ, ಹೆಚ್ಚಾದರೆ ಎದೆಗೆ ಏರುತ್ತದೆ. ಬೆಳಗ್ಗೆ ಒಂಬತ್ತೂವರೆಗೇ ನೀರು ಗೆರೆಯ ಹತ್ತಿರ ಇಳಿದಿತ್ತು. ಒಳಕ್ಕೆ ಬನ್ನಿ ಎಂದಳು. ಹೊತ್ತಿಲ್ಲ ಎಂದೆ. ಹೊತ್ತು ಇತ್ತು, ಒಳಗೆ ಹೋಗುವ ಮುಖ ಇರಲಿಲ್ಲ. ಆ ವರದಿಗಳು ಯಾರವು ಎಂದು ಅಲ್ಲೇ ಹೇಳಿಬಿಡಬಹುದಿತ್ತು, ಹೇಳಲಿಲ್ಲ. ಆಟೋ ಹತ್ತಿ ಕಚೇರಿಗೆ ಬಂದುಬಿಟ್ಟೆ.

ಹೊಸ ವರದಿ ಹಾಕಿದೆ. ಯಂತ್ರ ಒಪ್ಪಲಿಲ್ಲ. ‘ಹಿಂದಿನ ಮೂರು ವರದಿಗಳಿಗೆ ವಿರುದ್ಧವಾಗಿದೆ. ಕಾರಣ ಆರಿಸಿ’ ಎಂದಿತು. ಕುಟುಂಬ ಮರಳಿ ಬಂದಿದೆ, ತಾಂತ್ರಿಕ ದೋಷ, ಇತರೆ. ಮೂರೇ ಆಯ್ಕೆ. ಹುಡುಗಿಗೆ ಫೋನ್ ಮಾಡಿ ಕೇಳಿದೆ. ಮರಳಿ ಬಂದಿದೆ ಎಂದರೆ ಚೀಟಿ ಮುಂದಿನ ತಿಂಗಳಿನಿಂದ ಚಾಲ್ತಿ. ತಾಂತ್ರಿಕ ದೋಷ ಎಂದರೆ ಅದು ಕಂಪನಿಗೆ ಬರುತ್ತದೆ. ಅವರು ಹುಡುಕಿ, ದೋಷವಿಲ್ಲ ಎಂದು ಹೇಳಲು ಹದಿನೈದು ದಿನ. ಇತರೆ ಎಂದು ಕಾರಣವನ್ನು ಬರೆದು, ಅಧಿಕಾರಿ ಒಪ್ಪಿದರೆ ಮಾತ್ರ ಅದೇ ದಿನ ತಡೆ ಹೋಗುತ್ತದೆ. ಆಮೇಲೂ ಆಸ್ಪತ್ರೆಯ ಕಂಪ್ಯೂಟರಿಗೆ ಸುದ್ದಿ ಮುಟ್ಟಲು ಒಂದೂವರೆ ದಿನ ಬೇಕು.

ಆಗ ಹುಡುಗಿಗೆ ಹೇಳಿದೆ, ಆ ಅಕ್ಷರ ನನ್ನದು ಎಂದು.

ಆ ಕಡೆಯಿಂದ ಕೀಲಿಮಣೆಯ ಸದ್ದು ಕೇಳಿಸಿತು. ಬೇರೆ ಯಾವ ಆಧಾರವೂ ಇಲ್ಲದೆ ಆ ಕೈಬರಹವನ್ನೇ ನಂಬಿ ಕೆಂಪು ಮಾಡಿದ ಮನೆಗಳನ್ನು ಹುಡುಕಿದಳಂತೆ. ಮೂವತ್ತೊಂದು.

“ಮೇಡಂ, ಇದೊಂದಕ್ಕೆ ಏನಾದ್ರೂ ಬರೆದು ದಾಟಿಸ್ಬಹುದು. ಆದ್ರೆ ಅವು ಸುಳ್ಳು ಅಂತ ನೀವು ಹೇಳೋವರೆಗೂ ಅದು ನಿಮ್ಮನ್ನ ನಂಬ್ತಾನೇ ಇರುತ್ತೆ” ಎಂದಳು.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿದ್ದವರು ಮೂವತ್ತೊಂದು ಮನೆಯವರು.

‘ಇತರೆ’ಯ ಚೌಕದಲ್ಲಿ ಎರಡು ಬೆರಳಿನಿಂದ ಒತ್ತಿ ಒತ್ತಿ ಬರೆದೆ. ಈ ಮೂರೂ ವರದಿಗಳು ನನ್ನವು, ಮೂರೂ ಸುಳ್ಳು, ನಾನು ಆ ಮನೆಗೆ ಹೋಗಿರಲೇ ಇಲ್ಲ. ಆ ಮೂರು ವರ್ಷ ಈ ಭಾಗದಲ್ಲಿ ನಾನು ಬೀಗ ಎಂದು ಬರೆದ ಯಾವ ವರದಿಯನ್ನೂ ನಂಬಬಾರದು. ಹತ್ತೊಂಬತ್ತು ದಿನದ ಹಿಂದೆ ಈ ಕಡತವನ್ನು ಖುದ್ದು ಪರಿಶೀಲಿಸಿದ್ದೇನೆ ಎಂದು ಒತ್ತಿದ್ದೂ ಸುಳ್ಳು. ಕೀಲಿಮಣೆಯಲ್ಲಿ ಎಲ್ಲರ ಅಕ್ಷರವೂ ಒಂದೇ. ನನ್ನ ಜೀವನದಲ್ಲಿ ಅಷ್ಟು ಕುರೂಪವಾದ ಟಿಪ್ಪಣಿಯನ್ನು ನಾನು ಬರೆದಿರಲಿಲ್ಲ.

ನಮ್ಮ ಅಧಿಕಾರಿ ಕೆಟ್ಟವರಲ್ಲ. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಸಭೆಗಳಿಗೆ ಹೆದರುವವರು. ಓದಿದರು, ಮತ್ತೊಮ್ಮೆ ಓದಿದರು, ಬಾಗಿಲು ಮುಚ್ಚಿ ಬರಲು ಹೇಳಿದರು. ನಿಮ್ಮ ನಿವೃತ್ತಿಗೆ ಎಂಟು ತಿಂಗಳಿದೆ, ಇದನ್ನು ಹಾಕಿದರೆ ಇಲಾಖಾ ವಿಚಾರಣೆ ಆಗುತ್ತದೆ, ಯಾಕೆ ಬೇಕು ಎಂದರು.

“ತಾಂತ್ರಿಕ ದೋಷ ಅಂತ ಬರೆದ್ಬಿಡಿ ಮೇಡಂ. ಕಂಪ್ಯೂಟರ್ ಮೇಲೆ ಹಾಕಿದ್ರೆ ಅದೇನು ಅಳುತ್ತಾ?”

ಆಸೆಯಾಯಿತು. ಸುಳ್ಳು ಹೇಳಬಾರದು, ಬಹಳ ಆಸೆಯಾಯಿತು. ಊರಿನಲ್ಲಿ ಎಲ್ಲರೂ ಸಿಸ್ಟಮ್ ಸರಿಯಿಲ್ಲ ಎನ್ನುತ್ತಾರೆ, ನಾನೂ ಅಂದರೆ ಯಾರು ಕೇಳುತ್ತಾರೆ? ಹದಿನೈದು ದಿನ ಆಗುತ್ತದೆ ಎನ್ನುವುದೊಂದೇ ಅಡ್ಡಿ. ಸೋಮವಾರದ ಆ ಏಳು ಗಂಟೆ ಇಲ್ಲದಿದ್ದರೆ ನಾನು ಹಾಗೇ ಬರೆದು ಮನೆಗೆ ಹೋಗಿ ಕಾಫಿ ಕುಡಿಯುತ್ತಿದ್ದೆನೇನೋ. ನನ್ನನ್ನು ನಾನು ಬಲ್ಲೆ.

ಆಗುವುದಿಲ್ಲ ಎಂದೆ. ಸೋಮವಾರ ಮೇಲಿನವರನ್ನು ಒಂದು ಮಾತು ಕೇಳಿ ಒಪ್ಪುತ್ತೇನೆ ಎಂದರು. ಸೋಮವಾರ ಕಚೇರಿ ತೆರೆಯುವುದು ಹತ್ತಕ್ಕೆ. ನಾನು ಅವರ ಎದುರಿನ ಕುರ್ಚಿಯಲ್ಲಿ ಕೂತೆ. ಮೇಲಧಿಕಾರಿಯ ಮುಂದೆ ಹೇಳಿಸಿಕೊಳ್ಳದೆ ಕೂತದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು. ಅವರು ಎರಡು ಫೋನ್ ಮಾಡಿದರು, ಹೊರಗೆ ಹೋಗಿ ಟೀ ಕುಡಿದು ಬಂದರು, ಮೂರಾಯಿತು, ನಾಲ್ಕಾಯಿತು. ನಾನು ಏಳಲಿಲ್ಲ. ನೀವು ಹೋಗಿ, ನೋಡೋಣ ಎಂದರು. ನೋಡೋಣ ಎನ್ನುವ ಮಾತನ್ನು ನಾನು ಎಷ್ಟು ಜನರಿಗೆ ಹೇಳಿ ಕಳಿಸಿದ್ದೇನೆ. ಅದರ ಅರ್ಥ ನನಗೆ ಗೊತ್ತು.

ಕೊನೆಗೆ ಅವರು ತೆರೆಯನ್ನು ನನ್ನ ಕಡೆಗೆ ತಿರುಗಿಸಿದರು. ನನ್ನ ‘ಖುದ್ದು ಪರಿಶೀಲಿಸಿದ್ದೇನೆ’ಯ ಕೆಳಗೆ ಇನ್ನೊಂದು ಸಾಲಿತ್ತು: ‘ಒಪ್ಪಿದೆ.’ ಅವರ ಹೆಸರು. ನಾನು ಒತ್ತಿದ ಎರಡು ನಿಮಿಷಕ್ಕೆ ಅವರೂ ಒತ್ತಿದ್ದರು.

“ನೀವು ನೋಡಿರ್ತೀರಿ ಅಂತ ನಾನು ನೋಡ್ಲಿಲ್ಲ” ಎಂದರು. “ನೀವು?”

“ಅದು ನೋಡಿರುತ್ತೆ ಅಂತ ನಾನು ನೋಡಲಿಲ್ಲ” ಎಂದೆ.

ಅವರು ನನ್ನ ಟಿಪ್ಪಣಿಯನ್ನು ಮತ್ತೆ ತೆರೆದರು. ಐದಕ್ಕೆ ಹತ್ತು ನಿಮಿಷವಿದ್ದಾಗ ಬೆರಳಿಟ್ಟು ಒಪ್ಪಿಗೆ ಕೊಟ್ಟರು. ಉಳಿದ ಮೂವತ್ತು ಮನೆಗಳ ತಡೆಯನ್ನೂ ತನಿಖೆ ಆಗುವವರೆಗೆ ತೆಗೆಯಿರಿ ಎಂದು ಅದರ ಕೆಳಗೇ ಬರೆದರು. ಅದನ್ನು ನಾನು ಕೇಳಿರಲಿಲ್ಲ. ಆ ಸಂಜೆ ಆ ಮನುಷ್ಯನ ಮೇಲೆ ನನಗೆ ಗೌರವ ಬಂತು, ಈಗಲೂ ಇದೆ.

ಆ ಮೂವತ್ತು ಮನೆಗಳಿಗೂ ಆಮೇಲೆ ನಡೆದೇ ಹೋದೆ. ಒಂದೆರಡು ನಿಜವಾಗಿ ಖಾಲಿ ಇದ್ದವು; ಉಳಿದವುಗಳಲ್ಲಿ ಜನರಿದ್ದರು, ಒಲೆಯಿತ್ತು. ಕಾರಣದ ಪುಟ ಓದದೆ ಒತ್ತಲು ಆಗದಂತೆ ಆ ಗುಂಡಿಯನ್ನು ಬದಲಾಯಿಸಿದ್ದಾರೆ. ನನ್ನ ವಿಚಾರಣೆ ಇನ್ನೂ ನಡೆಯುತ್ತಿದೆ. ಅದರ ಬಗ್ಗೆ ನನಗೆ ದೂರಿಲ್ಲ. ಆದರೆ ನನ್ನನ್ನು ಬಿಡದೆ ಹಿಡಿದಿರುವುದು ಆ ಸೋಮವಾರ.

ಭಾನುವಾರವೆಲ್ಲ ಫೋನಿನಲ್ಲಿ ಆ ಸಂಖ್ಯೆ ಒತ್ತಿ ನೋಡಿದೆ. ನಮ್ಮ ಕಡೆ ಹಸಿರು, ಆಸ್ಪತ್ರೆಯ ಕಡೆ ಕೆಂಪು. ಮನೆಯಲ್ಲಿ ಮಾಡಿದ ಬಿಸಿಬೇಳೆಬಾತ್ ತಟ್ಟೆಯಲ್ಲೇ ಆರಿತು. ಸೋಮವಾರ ಬೆಳಗ್ಗೆ ಆರಕ್ಕೂ ಕೆಂಪು. ಆಸ್ಪತ್ರೆಗೆ ಹೋದೆ. ಗಂಡ ಹೆಂಡತಿ ಆಗಲೇ ಸಾಲಿನಲ್ಲಿದ್ದರು. ಆತ ಗೋಡೆ ಹಿಡಿದು ನಿಂತಿದ್ದ. ಉಸಿರು ಎಳೆಯುವ ಸದ್ದು ಎರಡು ಮಾರು ದೂರಕ್ಕೂ ಕೇಳುತ್ತಿತ್ತು. ನಾನು ಬಂದದ್ದು ಕಂಡು ಆಕೆ, ಆಯ್ತಲ್ಲ ಕಣಮ್ಮ ಎಂದಳು. ಆಗಿದೆ ಎಂದು ಹೇಳಲು ನನಗೆ ಧೈರ್ಯವಾಗಲಿಲ್ಲ.

ಆರು ಐವತ್ತಕ್ಕೆ ಕಿಟಕಿಯ ಹತ್ತಿರ ಬಂದೆವು. ಗುಮಾಸ್ತ ಸಂಖ್ಯೆ ಒತ್ತಿದ. ತೆರೆಯ ಮೇಲೆ ಸಣ್ಣ ಚಕ್ರವೊಂದು ತಿರುಗುತ್ತಲೇ ಇತ್ತು. ಬರ್ತಿಲ್ಲ, ಪಕ್ಕಕ್ಕೆ ಬನ್ನಿ, ಹಿಂದಿನವರನ್ನು ಬಿಡಿ ಎಂದ. ನಾನು ಪಕ್ಕಕ್ಕೆ ಹೋಗಲಿಲ್ಲ. ಇನ್ನೊಂದು ಸಲ ನೋಡಿ ಎಂದೆ. ಹಿಂದಿನವರು ಗೊಣಗಿದರು. ನನ್ನ ಕಿವಿಯಲ್ಲಿ ಆ ಉಸಿರಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಆ ಮನುಷ್ಯ ಸತ್ತರೆ ಅವನನ್ನು ಕೊಂದದ್ದು ನನ್ನ ಒತ್ತಕ್ಷರಗಳು ಎಂದು ನನಗೆ ಅಷ್ಟು ಸ್ಪಷ್ಟವಾಗಿ ಅನಿಸಿದ್ದು ಆಗಲೇ. ಗುಮಾಸ್ತ ನನ್ನ ಮುಖ ನೋಡಿ, ಏನನ್ನಿಸಿತೋ, ಮತ್ತೆ ಒತ್ತಿದ. ಚಕ್ರ ತಿರುಗಿತು, ತಿರುಗಿತು, ನಿಂತಿತು. ಚಾಲ್ತಿ ಎಂದ. ಚೀಟಿಯ ಮೇಲೆ ಮುದ್ರೆ ಒತ್ತಿ ಆತನನ್ನು ಒಳಗೆ ಕಳಿಸಿದ.

ನಾನು ಮತ್ತು ಆಕೆ ಹೊರಗಿನ ಬೆಂಚಿನ ಮೇಲೆ ಕೂತೆವು. ನಾಲ್ಕು ಗಂಟೆ ಕಾಯಬೇಕು. ಗಂಡನ ಬಾಟಲಿ ಆಕೆಯ ಮಡಿಲಲ್ಲಿತ್ತು, ಆ ಕಪ್ಪು ಗೆರೆಯದು. ಆಕೆ ನನಗೆ ಕೈ ಮುಗಿದಳು. ನೀವಿಲ್ಲದಿದ್ದರೆ ಏನಾಗುತ್ತಿತ್ತೋ ಎಂದಳು. ಮುಗಿದ ಆ ಕೈಗಳನ್ನು ನೋಡಲಾಗಲಿಲ್ಲ.

“ಯಾರೋ ಬಂದು ಬೀಗ ನೋಡ್ಕಂಡ್ ಒಂಟೋದ್ರು ಅಂತ ಬರ್ದಿತ್ತಂತಲ್ಲಮ್ಮ. ಯಾವ್ ಮನೆ ನೋಡ್ಬುಟ್ಟು ನಮ್ದು ಅಂದ್ಕಂಡ್ರೋ ಪಾಪ” ಎಂದಳು.

ಎಷ್ಟು ಸುಲಭವಾಗಿ ಬಿಟ್ಟುಕೊಟ್ಟಿದ್ದಳು. ಮನೆ ತಪ್ಪಿ ಹೋಗಿರಬೇಕು ಎಂದುಬಿಟ್ಟರೆ ಮುಗಿಯುತ್ತಿತ್ತು. ಹೌದು ಎಂದು ತಲೆಯಾಡಿಸಿದರೂ ಸಾಕಿತ್ತು.

“ಬರೆದೋಳು ನಾನೇ” ಎಂದೆ. “ಯಾವ ಮನೇನೂ ನೋಡ್ಲಿಲ್ಲ. ಬಿಸಿಲು ಅಂತ ಬರಲೇ ಇಲ್ಲ.”

ಆಕೆ ನನ್ನ ಕಡೆ ತಿರುಗಿ, ನನ್ನ ಕೈಯನ್ನೋ ಮುಖವನ್ನೋ, ಬಹಳ ಹೊತ್ತು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದರೆ ಒಳ್ಳೆಯದಿತ್ತು. ಒಳಗಿನಿಂದ ಯಂತ್ರ ಶುರುವಾದ ಸದ್ದು ಬರುತ್ತಿತ್ತು.

“ಬಂದಿದ್ರೆ ನೀರ್ ಕೊಡ್ತಿದ್ನಲ್ಲಮ್ಮ” ಎಂದಳು.

ಬಾಟಲಿ ಆಕೆಯ ಮಡಿಲಲ್ಲೇ ಇತ್ತು. ನನ್ನ ಗಂಟಲು ಒಣಗಿತ್ತು. ಆಕೆ ಕೊಡಲಿಲ್ಲ, ನಾನು ಕೇಳಲಿಲ್ಲ.